ಅಪ್ಪನ ಸಭೆ, ಅತ್ತೆಯ ಧರ್ಮಸಭೆ

2025ರ ಮೇ 8, ಗುರುವಾರ. ರಾತ್ರಿ ಒಂಬತ್ತೂವರೆ ದಾಟಿತ್ತು. ಲಿಂಗರಾಜಪುರದ ನಮ್ಮ ಮನೆಯಲ್ಲಿ ಊಟ ಮುಗಿದು ತಟ್ಟೆ ಎತ್ತುತ್ತಿದ್ದೆ. ಟಿವಿಯಲ್ಲಿ ವ್ಯಾಟಿಕನ್ನಿನ ಆ ಸಣ್ಣ ಚಿಮಣಿಯಿಂದ ಬಿಳಿ ಹೊಗೆ ಬಂತು, ಹೊಸ ಪೋಪ್ ಆಯ್ಕೆಯಾದ ಗುರುತು. ಅತ್ತೆ ಕೂತಲ್ಲಿಂದ ಎದ್ದು ಶಿಲುಬೆ ಗುರುತು ಹಾಕಿಕೊಂಡರು. "ಜಗದ್ಗುರುಗಳು ಸಿಕ್ಕಿದ್ರು ಕಣಮ್ಮಾ" ಅಂದರು. ಈಸ್ಟರ್ ಮಾರನೇ ದಿನ ಪೋಪ್ ಫ್ರಾನ್ಸಿಸ್ ತೀರಿಕೊಂಡಾಗಿನಿಂದ ಅವರಿಗೆ ಮನೆಯ ಹಿರಿಯರೇ ಹೋದ ಹಾಗಾಗಿತ್ತು.

ಹೊಸಬರ ಹೆಸರು ಗೊತ್ತಾಗಲು ಇನ್ನೂ ಒಂದು ಗಂಟೆ ಕಾಯಬೇಕಾಯಿತು. ರಾಬರ್ಟ್ ಪ್ರೆವೋಸ್ಟ್, ಹುಟ್ಟಿದ್ದು ಷಿಕಾಗೋ, ತುಂಬಾ ವರ್ಷ ಇದ್ದದ್ದು ಪೆರು ದೇಶದಲ್ಲಿ. ಇಟ್ಟುಕೊಂಡ ಹೆಸರು ಹದಿನಾಲ್ಕನೆಯ ಲಿಯೋ. ಸಂತ ಅಗಸ್ಟಿನರ ಸಂಘದ ಸನ್ಯಾಸಿ ಅಂತ ಟಿವಿಯವರು ಹೇಳಿದರು. ಅಲ್ಲಿಯವರೆಗೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಪ್ಪ ತಟ್ಟನೆ ನೆಟ್ಟಗೆ ಕೂತರು.

"ನಮ್ಮ ಲೂಥರ್ ಇದ್ದದ್ದೂ ಅದೇ ಸಂಘದಲ್ಲಿ!" ಅಪ್ಪ ಪ್ರಾಟೆಸ್ಟೆಂಟ್, ಆ ಪಂಥಕ್ಕೆ ನಾಂದಿ ಹಾಡಿದವರು ಮಾರ್ಟಿನ್ ಲೂಥರ್. ಅತ್ತೆ ಕಥೋಲಿಕರು.

ಅತ್ತೆ ಒಂದು ಕ್ಷಣ ಯೋಚಿಸಿದರು. "ಹಾಗಾದ್ರೆ ಒಬ್ರು ಬಿಟ್ಟು ಹೋದ್ರು, ಒಬ್ರು ಉಳ್ಕೊಂಡ್ರು. ಅಲ್ವಾ ಬೀಗ್ರೇ?"

"ಬಿಟ್ಟು ಹೋಗ್ಲಿಲ್ಲಮ್ಮಾ, ಹೊರಗೆ ಹಾಕಿದ್ರು. 1521ರಲ್ಲಿ. ಹಾಕಿದ ಪೋಪ್ ಹೆಸರೂ ಲಿಯೋನೇ, ಹತ್ತನೆಯವರು."

ಅವತ್ತು ಶುರುವಾದ ಮಾತು ಎರಡು ವಾರ ನಡೆಯಿತು. ಅತ್ತೆ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ಊರಿಂದ ಬಂದು ನಮ್ಮಲ್ಲೇ ಇದ್ದರು. ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಇಬ್ಬರಿಗೂ ಪುರುಸೊತ್ತು. ಮಧ್ಯೆ ನಾನು. ಅವರಿಬ್ಬರ ಮಾತು ಕೇಳುತ್ತಾ ನನಗೆ ನಾನೇ ಎಷ್ಟೋ ವರ್ಷದಿಂದ ಸರಿಯಾಗಿ ಕೇಳಿಕೊಳ್ಳದ ಪ್ರಶ್ನೆಗಳು ಎದ್ದವು. ಅದನ್ನು ಬರೆದಿಡಬೇಕು ಅನ್ನಿಸಿತು.

ಅಪ್ಪನಿಗೆ 81. ತುಮಕೂರಿನ ಕಡೆ ವೆಸ್ಲಿಯನ್ ಮಿಷನ್ ಕಾಲದಿಂದ ಬಂದ ಮನೆತನ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪ್ರಾಟೆಸ್ಟೆಂಟ್ ಸಭೆಗಳು ಸೇರಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದಾಗ ಅವರು ಮೂರು ವರ್ಷದ ಮಗು. ಕನ್ನಡ ಮೇಷ್ಟ್ರಾಗಿ ನಿವೃತ್ತರಾದರು. ಕಾರ್ಪೊರೇಷನ್ ಸರ್ಕಲ್ಲಿನ ಹಡ್ಸನ್ ಚರ್ಚಿಗೆ ನಲವತ್ತು ವರ್ಷ ತಪ್ಪದೆ ಹೋದವರು. ಅತ್ತೆಗೆ 76. ಕನಕಪುರ ತಾಲೂಕಿನ ಹಾರೋಬೆಲೆಯವರು. ಶುಭ ಶುಕ್ರವಾರದ ಹೊತ್ತಿಗೆ ಯೇಸುಸ್ವಾಮಿಯ ಪಾಡುಗಳ ನಾಟಕಕ್ಕೆ ಹೆಸರಾದ ಊರು ಅದು. ಅಪ್ಪ 'ಸಭೆ' ಅನ್ನುತ್ತಾರೆ, ಅತ್ತೆ 'ಧರ್ಮಸಭೆ' ಅನ್ನುತ್ತಾರೆ. ಅಪ್ಪನಿಗೆ ಭಾನುವಾರ 'ಆರಾಧನೆ', ಅತ್ತೆಗೆ 'ಪೂಜೆ'. ಅಪ್ಪನ ಪಾಲಿಗೆ ಪೋಪ್ ಅಂದರೆ ರೋಮಿನ ಬಿಷಪ್. ಅತ್ತೆಯ ಪಾಲಿಗೆ ಜಗದ್ಗುರು. ಈ ಒಂದೊಂದು ಪದದ ಹಿಂದೆಯೂ ಐನೂರು ವರ್ಷದ ಜಗಳ ಇದೆ.

ನಾನು ಒಂದು ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತೇನೆ. ತಪ್ಪು ಹುಡುಕುವುದೇ ನನ್ನ ಅನ್ನ. ಹಾಗಾಗಿ 'ಪೋಪ್ ತಪ್ಪಲಾರರು' ಎಂಬ ಬೋಧನೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ತಪ್ಪೇ ಮಾಡದ ಮನುಷ್ಯ ಇದ್ದಾನಾ?

ಆದರೆ ಇಲ್ಲಿ ನಮ್ಮ ಕನ್ನಡವೇ ಸ್ವಲ್ಪ ಗೊಂದಲ ಮಾಡುತ್ತದೆ. 'ತಪ್ಪು' ಅನ್ನುವ ಒಂದೇ ಮಾತಿಗೆ ನಾವು ಎರಡು ಕೆಲಸ ಕೊಟ್ಟಿದ್ದೇವೆ. ಕಳ್ಳತನ ಮಾಡಿದರೂ ತಪ್ಪು, ಲೆಕ್ಕ ಕೂಡುವಾಗ ಎಡವಿದರೂ ತಪ್ಪು. ಪೋಪ್ ಪಾಪ ಮಾಡುವುದಿಲ್ಲ ಅಂತ ಕಥೋಲಿಕರು ಹೇಳುವುದೇ ಇಲ್ಲ. ಪೋಪ್ ಫ್ರಾನ್ಸಿಸ್ 2014ರಲ್ಲಿ ಎಲ್ಲರ ಎದುರಿಗೇ ಒಬ್ಬ ಸಾಮಾನ್ಯ ಗುರುವಿನ (ಪಾದ್ರಿಯ) ಮುಂದೆ ಮಂಡಿಯೂರಿ ಪಾಪನಿವೇದನೆ ಮಾಡಿದರು. ಅತ್ತೆಗೆ ಅದು ಬಾಯಿಪಾಠ. "ನಮ್ಮ ಹಂಗೇ ಅವ್ರೂ ಮಂಡಿ ಊರ್ತಾರೆ" ಅನ್ನುತ್ತಾರೆ. ಅವರು ನಂಬುವುದು ಇಷ್ಟು: ಪೋಪ್ ಇಡೀ ಧರ್ಮಸಭೆಯ ಕುರುಬನಾಗಿ, ಯೇಸುವಿನ ಶಿಷ್ಯ ಪೇತ್ರನ ಪೀಠದಿಂದ, ವಿಶ್ವಾಸ ಅಥವಾ ನೀತಿಯ ವಿಷಯದಲ್ಲಿ, ಇದನ್ನು ಎಲ್ಲರೂ ಶಾಶ್ವತವಾಗಿ ನಂಬಬೇಕು ಅಂತ ಸಾರಿದಾಗ, ಆ ಮಾತು ತಪ್ಪಾಗದಂತೆ ದೇವರು ಕಾಯುತ್ತಾನೆ. ವಿಮಾನದಲ್ಲಿ ಪತ್ರಕರ್ತರ ಜೊತೆ ಆಡಿದ ಮಾತು ಅದರಲ್ಲಿ ಸೇರಲ್ಲ. ಭಾನುವಾರದ ಪ್ರಬೋಧನೆಯೂ ಸೇರಲ್ಲ. ಇದು ನನಗೆ ಮದುವೆಯಾಗಿ ಎಷ್ಟೋ ವರ್ಷದವರೆಗೆ ಗೊತ್ತಿರಲಿಲ್ಲ. ನಮ್ಮ ಸಂಡೇ ಸ್ಕೂಲಿನಲ್ಲಿ ಬೇರೆಯದೇ ಹೇಳಿಕೊಟ್ಟಿದ್ದರು.

ಈ ಬೋಧನೆ ಬರಹಕ್ಕೆ ಬಂದದ್ದು 1870ರ ಜುಲೈ 18ರಂದು, ಜಗತ್ತಿನ ಬಿಷಪ್‌ಗಳೆಲ್ಲ ಸೇರಿದ ಮೊದಲನೇ ವ್ಯಾಟಿಕನ್ ಮಹಾಸಭೆಯಲ್ಲಿ. ಆ ದಿನದ ಕಥೆ ನನ್ನನ್ನು ಬಿಡುವುದೇ ಇಲ್ಲ. ಐದು ದಿನ ಮುಂಚೆ ನಡೆದ ಮತದಾನದಲ್ಲಿ 88 ಜನ ಬಿಷಪ್‌ಗಳು ಬೇಡ ಅಂದಿದ್ದರು. 62 ಜನ ತಿದ್ದುಪಡಿ ಬೇಕು ಅಂದಿದ್ದರು. ಇವರಲ್ಲಿ ಎಷ್ಟೋ ಮಂದಿಗೆ ಒಂಬತ್ತನೆಯ ಪಿಯುಸ್ ಪೋಪರ ಮುಖ ನೋಡಿಕೊಂಡು 'ಬೇಡ' ಅನ್ನಲು ಮನಸ್ಸು ಬರಲಿಲ್ಲ. ಕೊನೆಯ ಮತದಾನಕ್ಕೆ ಮುಂಚೆಯೇ ಊರು ಬಿಟ್ಟು ಹೋದರು. ಕೊನೆಗೆ 533 ಜನ ಬೇಕು ಅಂದರು, ಇಬ್ಬರು ಬೇಡ ಅಂದರು. ಒಬ್ಬರು ಇಟಲಿಯವರು, ಇನ್ನೊಬ್ಬರು ಅಮೆರಿಕದ ಲಿಟಲ್ ರಾಕ್ ಎಂಬ ಊರಿನವರು. ಹೊರಗೆ ಗುಡುಗು, ಮಿಂಚು, ಜೋರು ಮಳೆ. ಆ ಗುಡುಗಿನ ನಡುವೆ ಹೆಸರು ಕೂಗುತ್ತಿದ್ದರಂತೆ. ಕೆಲವರಿಗೆ ಅದು ದೇವರು ಮೋಶೆಗೆ ಆಜ್ಞೆಗಳನ್ನು ಕೊಟ್ಟ ಸೀನಾಯ್ ಬೆಟ್ಟದ ಗುಡುಗಿನ ಹಾಗೆ ಕೇಳಿಸಿತು. ಕೆಲವರಿಗೆ ದೇವರ ಕೋಪದ ಹಾಗೆ. ಮಾರನೇ ದಿನವೇ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಶುರುವಾಯಿತು. ಸೆಪ್ಟೆಂಬರ್ 20ಕ್ಕೆ ಇಟಲಿಯ ಸೈನ್ಯ ರೋಮ್ ನಗರಕ್ಕೆ ನುಗ್ಗಿತು. ಪೋಪರ ಕೈಯಿಂದ ರಾಜ್ಯ ಹೋದ ವರ್ಷವೇ ಅವರ ಮಾತಿಗೆ ಈ ಅಧಿಕಾರ ಬಂತು.

ಮ್ಯೂನಿಕ್‌ನ ಡಾಲಿಂಗರ್ ಎಂಬ ಹಿರಿಯ ಗುರು, ದೊಡ್ಡ ಇತಿಹಾಸಕಾರ, ಇದನ್ನು ಒಪ್ಪಲಿಲ್ಲ. ಮರುವರ್ಷ ಅವರನ್ನು ಹೊರಗೆ ಹಾಕಿದರು. ಅಪ್ಪನಿಗೆ ಅವರ ಮೇಲೆ ತುಂಬಾ ಗೌರವ. ಅಪ್ಪನ ಇನ್ನೊಂದು ಅಸ್ತ್ರ ಪೋಪ್ ಹೊನೋರಿಯುಸ್. ಏಳನೇ ಶತಮಾನದವರು. ಸತ್ತು ನಲವತ್ತು ವರ್ಷ ಆದ ಮೇಲೆ, 681ರಲ್ಲಿ, ಕಾನ್‌ಸ್ಟಾಂಟಿನೋಪಲಿನ ಮಹಾಸಭೆ ಅವರ ಬೋಧನೆ ತಪ್ಪು ಅಂತ ಖಂಡಿಸಿತು. "ತಪ್ಪಲಾರರು ಅಂದ್ರಲ್ಲ, ಇವರೇನಾದ್ರು?" ಅಂತ ಅಪ್ಪ ಕೇಳುತ್ತಾರೆ. ಅದು ಪೀಠದಿಂದ ಬಂದ ಘೋಷಣೆ ಅಲ್ಲ, ಬರೀ ಕಾಗದ ಅಂತ ಕಥೋಲಿಕರ ಉತ್ತರ. ಅಕ್ಷರಕ್ಕೆ ನೋಡಿದರೆ ಸರಿಯೇ. ಆದರೆ ಯಾವ ಮಾತು ಪೀಠದ್ದು, ಯಾವುದು ಅಲ್ಲ ಅಂತ ತಪ್ಪು ಬಯಲಾದ ಮೇಲೆ ತೀರ್ಮಾನಿಸಿದರೆ ನನಗೆ ಸಮಾಧಾನ ಆಗಲ್ಲ.

ಅತ್ತೆಗೆ ಹೊನೋರಿಯುಸ್ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಬಂಡೆ.

"ನೀನು ಪೇತ್ರ, ಈ ಬಂಡೆಯ ಮೇಲೆ ನನ್ನ ಸಭೆ ಕಟ್ಟುತ್ತೇನೆ ಅಂತ ಸ್ವಾಮಿ ಹೇಳಿದ್ದು ಸುಳ್ಳಾ ಬೀಗ್ರೇ? ನಮ್ಮೂರಲ್ಲಿ ಮನೆ ಕಟ್ಟೋಕೆ ಪಾಯ ತೆಗೆದ್ರೆ ಬಂಡೆ ಸಿಕ್ತದೆ. ಬಂಡೆ ಸಿಕ್ತು ಅಂದ್ರೆ ಸಾಕು, ಮನೆ ಅಲ್ಲಾಡಲ್ಲ."

ಅಪ್ಪ ಮೇಷ್ಟ್ರ ಹಾಗೆ ಗ್ರೀಕಿಗೆ ಹೋದರು. ಪೆತ್ರೋಸ್ ಬೇರೆ, ಪೆತ್ರಾ ಬೇರೆ. ಬಂಡೆ ಅಂದರೆ ಪೇತ್ರ ಅಲ್ಲ, ಅವನು ಆಗ ತಾನೇ ಹೇಳಿದ ನಂಬಿಕೆಯ ಮಾತು. ಇದು ನಮ್ಮ ಕಡೆಯ ಹಳೆಯ ವಾದ. ನನಗೆ ಇದು ಅಷ್ಟು ಗಟ್ಟಿ ಅನ್ನಿಸುವುದಿಲ್ಲ. ಯೇಸು ಆಡುತ್ತಿದ್ದ ಅರಾಮಿಕ್ ನುಡಿಯಲ್ಲಿ ಎರಡಕ್ಕೂ ಕೇಫ ಅನ್ನುವ ಒಂದೇ ಮಾತು. ಪೇತ್ರನೇ ಬಂಡೆ ಅಂತ ಒಪ್ಪುವ ಪ್ರಾಟೆಸ್ಟೆಂಟ್ ಪಂಡಿತರೂ ಇದ್ದಾರೆ. ಪ್ರಶ್ನೆ ಆಮೇಲಿನದು. ಪೇತ್ರನಿಗೆ ಕೊಟ್ಟದ್ದು ರೋಮಿನ ಬಿಷಪ್‌ಗೆ ವಂಶದ ಆಸ್ತಿಯ ಹಾಗೆ ಇಳಿದು ಬರುತ್ತದೆ ಅಂತ ಎಲ್ಲಿದೆ?

"ಅದೇ ಅಧ್ಯಾಯದಲ್ಲಿ ಐದು ವಚನ ಆದ್ಮೇಲೆ, ಅದೇ ಪೇತ್ರನಿಗೆ 'ಸೈತಾನನೇ, ನನ್ನ ಮುಂದಿನಿಂದ ನಡೆ' ಅಂತಾನೆ ಕರ್ತನು" ಅಂದರು ಅಪ್ಪ. "ಗಲಾತ್ಯದವರಿಗೆ ಬರೆದ ಪತ್ರ ಎರಡನೇ ಅಧ್ಯಾಯ ನೋಡಿ. ಅಂತಿಯೋಕ್ಯದಲ್ಲಿ ಪೌಲ ಪೇತ್ರನನ್ನು ಮುಖದ ಮುಂದೇನೇ ಎದುರಿಸಿದ. ಅವನು ತಪ್ಪಿದ್ದ ಅಂತ ಬರೆದಿದೆ."

ಅತ್ತೆ ಜಪಸರ ಸುತ್ತಿಟ್ಟು ಹೇಳಿದರು: "ಎದುರಿಗೆ ನಿಂತು ಬೈದ. ಸರಿ. ಮನೆ ಬಿಟ್ಟು ಹೋದ್ನಾ?"

ಅಪ್ಪ ಉತ್ತರ ಕೊಡಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಅತ್ತೆಯ ನಿಷ್ಠೆ ಕುರುಡು ಅಂತ ನಾನು ಮೊದಲು ಅಂದುಕೊಂಡಿದ್ದೆ. ಹಾಗಲ್ಲ. ಅವರು ಹದಿನೈದು ಹದಿನಾರು ವರ್ಷದವರಾಗುವವರೆಗೆ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಸ್ವಾಮಿಗಳು ಜನಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಒಂದಕ್ಷರ ಅರ್ಥವಾಗುತ್ತಿರಲಿಲ್ಲ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಆದ ಮೇಲೆ ಪೂಜೆ ಕನ್ನಡಕ್ಕೆ ಬಂತು. "ರೋಮಿಂದ ಅಪ್ಪಣೆ ಬಂದಿದ್ದಕ್ಕೆ ತಾನೇ ನಮ್ಮವ್ವ ಕನ್ನಡದಲ್ಲಿ ಪೂಜೆ ಕೇಳಿ ಸತ್ತಿದ್ದು?" ಅನ್ನುತ್ತಾರೆ. ಅಪ್ಪ ಇದಕ್ಕೂ ಸುಮ್ಮನಿರಲಿಲ್ಲ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಇಡೀ ಸತ್ಯವೇದವನ್ನು, ಅಂದರೆ ಬೈಬಲ್ಲನ್ನು, ಕನ್ನಡದಲ್ಲಿ ಅಚ್ಚು ಹಾಕಿಸಿದ್ದು 1831ರಲ್ಲಿ, ಯಾವ ರೋಮಿನ ಅಪ್ಪಣೆಗೂ ಕಾಯಲಿಲ್ಲ ಅಂದರು. ಎರಡೂ ನಿಜ. ಬೆಂಗಳೂರಿನ ಎಷ್ಟೋ ಚರ್ಚುಗಳಲ್ಲಿ ಇವತ್ತಿಗೂ ಕನ್ನಡ ಪೂಜೆ ಎಷ್ಟು ಗಂಟೆಗೆ ಅಂತ ಕೇಳಿಕೊಂಡು ಹೋಗಬೇಕು. ಹಾಗಾಗಿ ಈ ವಿಷಯದಲ್ಲಿ ನನಗೆ ಅತ್ತೆಯ ಸಂತೋಷ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಯೇಸುವಿನ ತಾಯಿ ಮರಿಯಮ್ಮನವರ ವಿಷಯ. 1870ರ ನಂತರ ಒಬ್ಬ ಪೋಪ್ ಈ ಅಧಿಕಾರವನ್ನು ಎಲ್ಲರಿಗೂ ಸ್ಪಷ್ಟವಾಗಿ ಕಾಣುವ ಹಾಗೆ ಬಳಸಿದ್ದು ಒಂದೇ ಸಲ. 1950ರ ನವೆಂಬರ್ 1ರಂದು ಹನ್ನೆರಡನೆಯ ಪಿಯುಸ್ ಅವರು, ಮರಿಯಮ್ಮನವರನ್ನು ದೇಹ ಮತ್ತು ಆತ್ಮ ಸಮೇತ ಸ್ವರ್ಗಕ್ಕೆ ತೆಗೆದುಕೊಳ್ಳಲಾಯಿತು ಅಂತ ಘೋಷಿಸಿದರು. ಹಬ್ಬ ಆಗಸ್ಟ್ 15ಕ್ಕೆ. ಅತ್ತೆಯ ಊರಲ್ಲಿ ಅವತ್ತು ಬೆಳಿಗ್ಗೆ ಧ್ವಜವೂ ಹಾರುತ್ತದೆ, ಪೂಜೆಯೂ ನಡೆಯುತ್ತದೆ. "ನಾವು ಮುಂಚಿಂದಾನೂ ನಂಬಿದ್ದೇ ಅದು, ಅವರು ಬರೆದಿಟ್ಟರು ಅಷ್ಟೆ" ಅನ್ನುವುದು ಅತ್ತೆಯ ಮಾತು. ಹಬ್ಬ ನೂರಾರು ವರ್ಷ ಹಳೆಯದು ಅನ್ನುವುದು ನಿಜ. ಘೋಷಣೆಗೆ ನಾಲ್ಕು ವರ್ಷ ಮುಂಚೆ ಪೋಪ್ ಜಗತ್ತಿನ ಎಲ್ಲ ಬಿಷಪ್‌ಗಳಿಗೆ ಕಾಗದ ಬರೆದು ಅಭಿಪ್ರಾಯ ಕೇಳಿದ್ದೂ ನಿಜ. ಆದರೆ ಅದೇ ಘೋಷಣೆಯಲ್ಲಿ, ಇದನ್ನು ಬೇಕೆಂದು ಅಲ್ಲಗಳೆದವನು ಕಥೋಲಿಕ ವಿಶ್ವಾಸದಿಂದ ಪೂರ್ತಿ ಬಿದ್ದುಹೋದ ಅಂತಲೂ ಇದೆ. ಅಪ್ಪನಿಗೆ ನೋವಾಗುವುದು ಅಲ್ಲಿ. "ಮರಿಯಳನ್ನ ನಾನು ಕಮ್ಮಿ ಮಾಡಲ್ಲ. ಆದ್ರೆ ಸತ್ಯವೇದದಲ್ಲಿ ಇಲ್ಲದ್ದನ್ನ ನಂಬದಿದ್ರೆ ಹೊರಗೆ ಅಂತ ಹೇಳೋ ಹಕ್ಕು ಯಾರಿಗಿದೆ?" ನಾನು ಅಪ್ಪನ ಕಡೆಗೇ.

ಹೊರಗೆ ಅನ್ನುವ ಮಾತಿನ ಅರ್ಥ ನನಗೆ ಗೊತ್ತು. 2006ರಲ್ಲಿ ನಮ್ಮ ಮದುವೆಗೆ ಬಿಷಪ್ ಅನುಮತಿ ಬೇಕಾಯಿತು. ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಕೈಲಾದ್ದೆಲ್ಲ ಮಾಡುತ್ತೇನೆ ಅಂತ ನಮ್ಮ ಯಜಮಾನರು ಸಹಿ ಹಾಕಿದರು. 2018ರಲ್ಲಿ ಮಗಳ ಮೊದಲ ಪರಮಪ್ರಸಾದ, ಪೂಜೆಯಲ್ಲಿ ಕೊಡುವ ರೊಟ್ಟಿಯ ಪ್ರಸಾದ. ಬಿಳಿ ಲಂಗ ನಾನೇ ಹೊಲಿದಿದ್ದೆ. ಮಲ್ಲಿಗೆ ಮುಡಿಸಿದ್ದೆ. ಅವಳು ಕೈ ಮುಗಿದುಕೊಂಡು ಪೀಠದ ಹತ್ತಿರ ಹೋದಳು, ಅವಳ ಹಿಂದೆ ಅವರಪ್ಪ, ಅಜ್ಜಿ ಎಲ್ಲರೂ ಸಾಲಿನಲ್ಲಿ ಹೋದರು. ನಾನು ಬೆಂಚಿನಲ್ಲೇ ಕೂತಿದ್ದೆ. ಕಥೋಲಿಕಳಲ್ಲದ ನನಗೆ ಅಲ್ಲಿ ಪ್ರಸಾದ ಇಲ್ಲ. ಯಾರೂ ನನಗೆ ಕೆಟ್ಟದಾಗಿ ಒಂದು ಮಾತು ಆಡಲಿಲ್ಲ. ನಿಯಮ ಹಾಗಿದೆ, ಅಷ್ಟೆ. ಮಗಳು ವಾಪಸ್ ಬಂದು ಪಕ್ಕದಲ್ಲಿ ಕೂತು, "ಅಮ್ಮಾ, ನಿಂಗ್ಯಾಕಿಲ್ಲ?" ಅಂದಳು. ರೋಮಿನ ಅಧಿಕಾರದ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಆ ಬೆಂಚಿನಿಂದ ಬಂದದ್ದು.

ಹಾಗಂತ ನಮ್ಮ ಕಡೆ ಎಲ್ಲ ಚೆನ್ನಾಗಿದೆ ಅಂತ ಹೇಳಲಾರೆ. ನನ್ನ ದೊಡ್ಡಮ್ಮ ಕೊನೆಯ ವರ್ಷಗಳಲ್ಲಿ ಊರಾಚೆ ಬಡಾವಣೆಯ ಒಂದು ಪ್ರಾರ್ಥನಾ ಹಾಲ್‌ಗೆ ಹೋಗಲು ಶುರು ಮಾಡಿದರು. ಯಾವುದು ಅಂತ ಹೇಳುವುದಿಲ್ಲ. ಅಲ್ಲಿಯ ಪಾಸ್ಟರ್ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಿ, ಮಾತ್ರೆ ನುಂಗುವುದು ಅಪನಂಬಿಕೆ ಅಂದರು. ದೊಡ್ಡಮ್ಮ ಬಿಟ್ಟರು. ಕಾಲಿನ ಗಾಯ ಮಾಯಲಿಲ್ಲ. ಎರಡು ಬೆರಳು ತೆಗೆಯಬೇಕಾಯಿತು. ಅಪ್ಪ ಬಸ್ಸು ಹಿಡಿದು ಹೋಗಿ ಆ ಪಾಸ್ಟರ್ ಎದುರು ಕೂತು ಮಾತಾಡಿದರು. ವಚನದ ಮೇಲೆ ವಚನ ತೆಗೆದು ತೋರಿಸಿದರು. ಅವರೂ ವಚನಗಳನ್ನೇ ತೋರಿಸಿದರು. "ಕರ್ತನು ನನಗೆ ತಿಳಿಸಿದ್ದಾನೆ" ಅಂತ ಮಾತು ಮುಗಿಸಿದರು. ಅವರ ಮೇಲೆ ಯಾರೂ ಇಲ್ಲ. ಬಿಷಪ್ ಇಲ್ಲ, ಸಿನೊಡ್ (ಸಭೆಯ ಆಡಳಿತ ಮಂಡಳಿ) ಇಲ್ಲ, ಕಾಗದ ಬರೆಯೋಣ ಅಂದರೆ ವಿಳಾಸ ಇಲ್ಲ. ಅವತ್ತು ರಾತ್ರಿ ಅಪ್ಪ ಊಟ ಮಾಡಲಿಲ್ಲ. "ನನ್ನ ಕೈಲಿರೋ ಪುಸ್ತಕವೇ ಅವನ ಕೈಲೂ ಇದೆ. ಇನ್ನೇನು ತೋರಿಸ್ಲಿ?" ಅಂದರು.

ಆ ಮಾತು ಅಪ್ಪ ಅತ್ತೆಯ ಎದುರು ಯಾವತ್ತೂ ಆಡಿಲ್ಲ. ನಾನೂ ಆಡಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸದಿಂದಲೇ ನನಗೆ ಹೊಳೆದದ್ದು ಹೇಳುತ್ತೇನೆ. ಪುಸ್ತಕ ಅಚ್ಚಿಗೆ ಹೋಗಬೇಕಾದರೆ ಯಾರಾದರೂ ಒಬ್ಬರು ಕೊನೆಗೆ ಸಹಿ ಹಾಕಲೇಬೇಕು. ಹತ್ತು ಜನ ಹತ್ತು ಅಭಿಪ್ರಾಯ ಹೇಳುತ್ತಾ ಕೂತರೆ ಪುಸ್ತಕ ಹೊರಗೆ ಬರುವುದೇ ಇಲ್ಲ. ಹಾಗಾಗಿ ಕೊನೆಯ ಮಾತು ಆಡುವ ಒಬ್ಬ ಹಿರಿಯರು ಬೇಕು ಎಂಬ ಕಥೋಲಿಕರ ಮಾತು ನನಗೆ ತಿಳಿಯುತ್ತದೆ. ದೊಡ್ಡಮ್ಮನ ಕಾಲು ನೋಡಿದ ಮೇಲೆ ಇನ್ನೂ ಚೆನ್ನಾಗಿ ತಿಳಿಯಿತು. ಆದರೆ ತನ್ನ ಕರಡನ್ನು ತಾನೇ ತಿದ್ದಿಕೊಂಡವರಿಗೆ ತಪ್ಪು ಕಾಣುವುದಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಕಲಿತದ್ದು ಇದೊಂದೇ. ಸಹಿ ಹಾಕಿದ ಮೇಲೂ ತಪ್ಪು ಸಿಕ್ಕರೆ ಮುಂದಿನ ಮುದ್ರಣದಲ್ಲಿ ತಿದ್ದಲು ದಾರಿ ಇರಬೇಕು. 1870ರ ಆ ಬರಹದಲ್ಲಿ ನನಗೆ ನುಂಗಲಾಗದ ಸಾಲು ಒಂದಿದೆ. ಪೋಪ್ ಪೀಠದಿಂದ ಸಾರಿದ ಮಾತು ತಾನಾಗಿಯೇ ತಿದ್ದಲಾಗದ್ದು, ಧರ್ಮಸಭೆಯ ಒಪ್ಪಿಗೆಯಿಂದ ಹಾಗಾಗಿದ್ದಲ್ಲ ಅಂತ ಅದು ಹೇಳುತ್ತದೆ. ನಡೆಯುವಾಗ ಎಲ್ಲರನ್ನೂ ಕೇಳಿಯೇ ನಡೆದಿದ್ದಾರೆ, 1950ಕ್ಕೆ ಮುಂಚೆ ಕೇಳಿದ ಹಾಗೆ. ಬರೆಯುವಾಗ ಮಾತ್ರ ಕೇಳಬೇಕಾಗಿಲ್ಲ ಅಂತ ಬರೆದರು. ಆ ಸಾಲು ಇರುವವರೆಗೆ ನಾನು ಅತ್ತೆಯ ಧರ್ಮಸಭೆಗೆ ಸೇರಲಾರೆ. ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಎರಡನೇ ಜಾನ್ ಪಾಲ್ ಪೋಪ್ 1995ರಲ್ಲಿ, ಈ ಹಿರಿತನವನ್ನು ಎಲ್ಲರಿಗೂ ಒಪ್ಪಿಗೆಯಾಗುವ ಹಾಗೆ ಹೇಗೆ ನಡೆಸಬಹುದು ಅಂತ ಬೇರೆ ಸಭೆಗಳವರನ್ನೇ ಕೇಳಿ ಬರೆದರು. 1986ರಲ್ಲಿ ಅವರು ಮಂಗಳೂರಿಗೆ ಬಂದಾಗ ಅತ್ತೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿ ದೂರದಿಂದ ನೋಡಿ ಬಂದಿದ್ದರು. ಆ ಮನುಷ್ಯರೇ ಹೀಗೆ ಕೇಳಿದ್ದಾರೆ ಅಂತ ಹೇಳಿದಾಗ ಅತ್ತೆ, "ಕೇಳಿದ್ರಾ? ಮತ್ತೆ ನೀವ್ಯಾಕೆ ಇನ್ನೂ ಹೇಳಿಲ್ಲ?" ಅಂದರು.

ಮೇ ಕೊನೆಯ ವಾರ ಆಪರೇಷನ್ ಆಯಿತು. ಒಂದು ಕಣ್ಣಿಗೆ ಹಸಿರು ಪಟ್ಟಿ. ಓದುವ ಹಾಗಿಲ್ಲ, ಟಿವಿ ನೋಡುವ ಹಾಗಿಲ್ಲ. ಸಂಜೆ ಅಪ್ಪನೇ ಅವರ ಬೈಬಲ್ ತೆಗೆದುಕೊಂಡು ಓದಲು ಕೂತರು. ಅಪ್ಪನ ಸತ್ಯವೇದದಲ್ಲಿ 66 ಪುಸ್ತಕ, ಅತ್ತೆಯ ಬೈಬಲ್ಲಿನಲ್ಲಿ 73. ಅತ್ತೆ ಕೇಳಿದ್ದು ತೋಬಿತನ ಕಥೆ. ಅದು ಅಪ್ಪನ ಪುಸ್ತಕದಲ್ಲಿ ಇಲ್ಲ. ಎಂಬತ್ತೊಂದು ವರ್ಷದಲ್ಲಿ ಅವರು ಅದನ್ನು ಓದೇ ಇರಲಿಲ್ಲ.

"ಇದು ನಮ್ಮಲ್ಲಿ ಸೇರಿಸಿಲ್ಲಮ್ಮಾ" ಅಂದರು.

"ಯಾವ ಪುಸ್ತಕ ಸೇರ್ಬೇಕು ಅಂತ ಪುಸ್ತಕದೊಳಗೇ ಬರೆದಿದ್ಯಾ ಬೀಗ್ರೇ?"

ಅಪ್ಪ ಕನ್ನಡಕ ಒರೆಸಿಕೊಂಡರು. ವಾದಕ್ಕೆ ಉತ್ತರ ಅವರಿಗೆ ಗೊತ್ತಿತ್ತು, ಸಭೆ ಪುಸ್ತಕಗಳನ್ನು ಗುರುತಿಸಿತು, ಹುಟ್ಟಿಸಲಿಲ್ಲ ಅಂತ ನನಗೇ ಎಷ್ಟು ಸಲ ಹೇಳಿದ್ದಾರೆ. ಅವತ್ತು ಹೇಳಲಿಲ್ಲ. ಓದಲು ಶುರು ಮಾಡಿದರು. ಕಣ್ಣು ಕಳೆದುಕೊಂಡ ಮುದುಕ ತೋಬಿತ. ದೂರ ದೇಶಕ್ಕೆ ಹೊರಟ ಮಗ. ದಾರಿಯುದ್ದಕ್ಕೂ ಹಿಂದೆ ಬರುವ ನಾಯಿ. ಮೀನಿನ ಪಿತ್ತ. ಕೊನೆಗೆ ಮಗ ಮನೆಗೆ ಬಂದು ಅಪ್ಪನ ಕಣ್ಣಿಗೆ ಆ ಪಿತ್ತ ಹಚ್ಚಿ, ಎರಡೂ ಕೈಯಿಂದ ಕಣ್ಣಂಚಿನ ಬಿಳಿ ಪೊರೆಯನ್ನು ಸುಲಿದು ತೆಗೆಯುವ ಜಾಗಕ್ಕೆ ಬಂದಾಗ ಅಪ್ಪನ ದನಿ ಸ್ವಲ್ಪ ನಡುಗಿತು. ಓದು ನಿಂತಿತು.

ಅತ್ತೆ ಪಟ್ಟಿ ಕಟ್ಟಿದ ಕಣ್ಣಿನ ಕಡೆ ಕೈ ಒಯ್ದು, ಮುಟ್ಟಬಾರದು ಅಂತ ನೆನಪಾಗಿ ಕೆಳಗಿಟ್ಟರು.

"ಮುಂದೆ ಓದಿ ಬೀಗ್ರೇ" ಅಂದರು.

ಅಪ್ಪ ಹಾಳೆ ತಿರುವಿದರು.